ಶ್ರೀಮಂತ ದೇಶಗಳಲ್ಲೂ ಉದ್ಯೋಗ ದರ ಒಂದೇ ಸಮ ಇಲ್ಲವೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯೋಗ ದರ ಅಂದರೆ ಏನು? ನಿರುದ್ಯೋಗ ದರ ಗೊತ್ತಿದ್ದರೆ ಸಾಲದೇ?

ಸಾಲದು. ದುಡಿಯುವ ವಯಸ್ಸಿನ, ಅಂದರೆ ಸಾಮಾನ್ಯವಾಗಿ 15ರಿಂದ 64 ವರ್ಷದೊಳಗಿನ ನೂರು ಜನರಲ್ಲಿ ಎಷ್ಟು ಮಂದಿ ಕೆಲಸದಲ್ಲಿದ್ದಾರೆ ಎಂಬುದು ಉದ್ಯೋಗ ದರ. ನಿರುದ್ಯೋಗ ದರದ ಲೆಕ್ಕಕ್ಕೆ ಬರುವವರು ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಮಾತ್ರ. ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ತಾಯಿ, ಕಾಯಿಲೆಯಿಂದ ಕೆಲಸ ಬಿಟ್ಟವರು, 58ಕ್ಕೇ ನಿವೃತ್ತರಾದವರು, ಹುಡುಕಿ ಹುಡುಕಿ ಸಾಕಾಗಿ ಕೈಬಿಟ್ಟವರು ಯಾರೂ ಅದರಲ್ಲಿ ಕಾಣುವುದಿಲ್ಲ. ನಿರುದ್ಯೋಗ ಕಡಿಮೆ ಇದ್ದೂ ಕೆಲಸ ಮಾಡುವವರೂ ಕಡಿಮೆ ಇರುವ ದೇಶಗಳಿವೆ. ಅಮೆರಿಕದಲ್ಲಿ 2023ರಲ್ಲಿ ನಿರುದ್ಯೋಗ ದರ 4ರೊಳಗೇ ಇತ್ತು. ಆದರೂ ದುಡಿಯುವ ವಯಸ್ಸಿನ ನೂರರಲ್ಲಿ ಕೆಲಸದಲ್ಲಿದ್ದವರು 72 ಮಂದಿ. ಉಳಿದವರ ಕಥೆ ಏನೆಂದು ತಿಳಿಯಬೇಕಾದರೆ ಉದ್ಯೋಗ ದರವನ್ನೇ ನೋಡಬೇಕು.

ಇನ್ನೊಂದು ವಿಷಯ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ವ್ಯಾಖ್ಯೆಯಂತೆ, ಸಮೀಕ್ಷೆ ನಡೆದ ವಾರದಲ್ಲಿ ಒಂದೇ ಒಂದು ಗಂಟೆ ಸಂಬಳಕ್ಕೋ ಲಾಭಕ್ಕೋ ಕೆಲಸ ಮಾಡಿದ್ದರೂ ಅವರು ಉದ್ಯೋಗಿ. ಈ ಒಂದು ಗಂಟೆಯ ನಿಯಮವನ್ನು ಮುಂದಿನ ಪ್ರಶ್ನೆಗಳನ್ನು ಓದುವಾಗ ನೆನಪಿನಲ್ಲಿಟ್ಟುಕೊಳ್ಳಿ.

ದೇಶ ದೇಶಗಳ ನಡುವೆ ಅಂತರ ನಿಜಕ್ಕೂ ಎಷ್ಟಿದೆ?

2023-24ರ ಸುಮಾರಿನ ಅಂಕಿಗಳನ್ನು ನೋಡೋಣ. ಐಸ್‌ಲ್ಯಾಂಡ್ ಮತ್ತು ನೆದರ್ಲೆಂಡ್ಸ್ 80 ದಾಟಿವೆ. ಸ್ವಿಟ್ಜರ್ಲೆಂಡ್ 80ರ ಆಸುಪಾಸು, ಜಪಾನ್ 79, ಜರ್ಮನಿ 77, ಬ್ರಿಟನ್ 75, ಅಮೆರಿಕ 72, ಫ್ರಾನ್ಸ್ 68-69, ಸ್ಪೇನ್ 66ರ ಹತ್ತಿರ, ಇಟಲಿ 62ರ ಹತ್ತಿರ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಇಸಿಡಿ ಒಕ್ಕೂಟದ ಒಟ್ಟು ಸರಾಸರಿ 70.

ಕಾಗದದ ಮೇಲೆ ಇದು ಚಿಕ್ಕ ವ್ಯತ್ಯಾಸದಂತೆ ಕಾಣಬಹುದು. ಇಟಲಿಯಲ್ಲಿ ದುಡಿಯುವ ವಯಸ್ಸಿನವರು ಸುಮಾರು 3.7 ಕೋಟಿ ಇದ್ದಾರೆ. ಡಚ್ಚರ, ಅಂದರೆ ನೆದರ್ಲೆಂಡ್ಸ್‌ನವರ ದರ ಅಲ್ಲಿಯೂ ಇದ್ದಿದ್ದರೆ 70 ಲಕ್ಷಕ್ಕೂ ಹೆಚ್ಚು ಜನ ಹೊಸದಾಗಿ ಕೆಲಸದಲ್ಲಿರುತ್ತಿದ್ದರು. ಅಷ್ಟು ಜನರ ಸಂಬಳ, ಅದರ ಮೇಲಿನ ತೆರಿಗೆ, ಅವರ ಹೆಸರಿನಲ್ಲಿ ಜಮೆಯಾಗುವ ಪಿಂಚಣಿ, ಮನೆಯೊಳಗೆ ಅವರ ಮಾತಿಗಿರುವ ತೂಕ ಎಲ್ಲವೂ ಈ ಅಂತರದೊಳಗೆ ಸೇರಿವೆ.

ಕೆಲವು ದೇಶದವರು ಸೋಮಾರಿಗಳು, ಕೆಲವರು ಕಷ್ಟಜೀವಿಗಳು. ಇಷ್ಟೇ ಅಲ್ಲವೇ ಕಾರಣ?

ಅಲ್ಲ. ಈ ಮಾತು ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೋ ಅಷ್ಟೇ ಸುಲಭವಾಗಿ ಅಂಕಿಅಂಶಗಳ ಮುಂದೆ ಬಿದ್ದುಹೋಗುತ್ತದೆ. ಒಟ್ಟು ದರವನ್ನು ವಯಸ್ಸು ಮತ್ತು ಲಿಂಗದ ಪ್ರಕಾರ ಬಿಡಿಸಿ ನೋಡಿ. 25ರಿಂದ 54 ವಯಸ್ಸಿನ ಗಂಡಸರನ್ನು ತೆಗೆದುಕೊಂಡರೆ ಬಹುತೇಕ ಶ್ರೀಮಂತ ದೇಶಗಳು ನೂರಕ್ಕೆ 84ರಿಂದ 94ರೊಳಗೇ ಇವೆ. ಅದೇ ವಯಸ್ಸಿನ ಹೆಂಗಸರಲ್ಲಿ ಇಟಲಿ 65ರ ಆಸುಪಾಸಿನಲ್ಲಿದೆ, ಸ್ವೀಡನ್ ಮತ್ತು ನೆದರ್ಲೆಂಡ್ಸ್ 80 ದಾಟಿವೆ. 60ರಿಂದ 64ರವರಲ್ಲಿ ಫ್ರಾನ್ಸ್ 40ರ ಹತ್ತಿರವಿದ್ದರೆ ಜರ್ಮನಿ 65ರ ಹತ್ತಿರ. 15ರಿಂದ 24ರವರಲ್ಲಿ ಇಟಲಿ ಸುಮಾರು 20, ನೆದರ್ಲೆಂಡ್ಸ್ ಸುಮಾರು 75.

ಅಂತರ ಹುಟ್ಟುವುದು ಮೂರು ಜಾಗಗಳಲ್ಲಿ: ಮಕ್ಕಳಿರುವ ಹೆಂಗಸರು, ನಿವೃತ್ತಿಯ ಹೊಸ್ತಿಲಿನಲ್ಲಿರುವವರು, ಓದು ಮುಗಿಸಿ ಬರುತ್ತಿರುವ ಯುವಜನರು. ಫ್ರೆಂಚರನ್ನು ಸೋಮಾರಿಗಳೆಂದು ಕರೆಯುವವರಿಗೆ ಒಂದು ಸಂಗತಿ ಹೇಳಬೇಕು. 25ರಿಂದ 54ರ ವಯೋಮಾನದಲ್ಲಿ ಫ್ರಾನ್ಸಿನ ಉದ್ಯೋಗ ದರ ಅಮೆರಿಕಕ್ಕಿಂತ ತುಸು ಹೆಚ್ಚೇ ಇದೆ. ಫ್ರಾನ್ಸಿನ ಒಟ್ಟು ದರವನ್ನು ಕೆಳಗೆಳೆಯುವವರು ಇಪ್ಪತ್ತೈದರ ಕೆಳಗಿನವರು ಮತ್ತು ಅರವತ್ತರ ಸುತ್ತಿನವರು. ಆ ಎರಡು ವಯಸ್ಸಿಗೆ ಕಾಲಿಟ್ಟಾಗ ಮಾತ್ರ ಮನುಷ್ಯ ಸೋಮಾರಿಯಾಗುತ್ತಾನೆ ಎಂದು ಯಾರೂ ವಾದಿಸಲಾರರು.

ಇಟಲಿಯೊಳಗೇ ನೋಡಿ. ಉತ್ತರದ ಪ್ರಾಂತ್ಯಗಳಲ್ಲಿ ನೂರಕ್ಕೆ 60ಕ್ಕಿಂತ ಹೆಚ್ಚು ಹೆಂಗಸರು ಕೆಲಸದಲ್ಲಿದ್ದಾರೆ. ದಕ್ಷಿಣದಲ್ಲಿ 40ನ್ನೂ ಮುಟ್ಟಿಲ್ಲ. ಎರಡೂ ಕಡೆ ಒಂದೇ ಸಂವಿಧಾನ, ಒಂದೇ ಆದಾಯ ತೆರಿಗೆ, ಒಂದೇ ಪಿಂಚಣಿ ಕಾನೂನು. ಬೇರೆ ಇರುವುದು ಊರಿನಲ್ಲಿ ಕಾರ್ಖಾನೆ ಮತ್ತು ಕಚೇರಿಗಳು ಎಷ್ಟಿವೆ, ಮಗುವನ್ನು ಬಿಡಲು ಜಾಗ ಇದೆಯೇ ಎಂಬುದು. ಮೂರು ವರ್ಷದೊಳಗಿನ ನೂರು ಮಕ್ಕಳಲ್ಲಿ 33 ಮಕ್ಕಳಿಗಾದರೂ ಶಿಶುವಿಹಾರದಲ್ಲಿ ಜಾಗ ಇರಬೇಕೆಂದು ಐರೋಪ್ಯ ಒಕ್ಕೂಟ 2002ರಲ್ಲೇ ಗುರಿ ಹಾಕಿಕೊಂಡಿತ್ತು. ಕಂಪಾನಿಯಾ, ಸಿಸಿಲಿಯಂಥ ದಕ್ಷಿಣದ ಪ್ರಾಂತ್ಯಗಳಲ್ಲಿ ಆ ಗುರಿಯ ಅರ್ಧದಷ್ಟೂ ಆಗಿಲ್ಲ.

ಹೆಂಗಸರ ದರದಲ್ಲಿ ಇಷ್ಟು ಅಂತರ ಬರಲು ಮುಖ್ಯ ಕಾರಣ ಯಾವುದು?

ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲೇ ಇದೆ. ಕಾರಣ ಒಂದಲ್ಲ, ಒಂದಕ್ಕೊಂದು ಹೆಣೆದುಕೊಂಡ ಮೂರ್ನಾಲ್ಕು ನಿಯಮಗಳು.

ಮೊದಲನೆಯದು ತೆರಿಗೆ. ಸ್ವೀಡನ್ 1971ರಲ್ಲಿ ಗಂಡ ಹೆಂಡತಿಯ ದುಡಿಮೆಯ ಆದಾಯಕ್ಕೆ ಬೇರೆ ಬೇರೆಯಾಗಿ ತೆರಿಗೆ ಹಾಕಲು ಶುರುಮಾಡಿತು. ಜರ್ಮನಿಯಲ್ಲಿ 1958ರಿಂದ ಇಂದಿನವರೆಗೂ ಇರುವ ಪದ್ಧತಿಯೇ ಬೇರೆ. ದಂಪತಿಯ ಆದಾಯವನ್ನು ಕೂಡಿಸಿ, ಎರಡಾಗಿ ಭಾಗಿಸಿ, ಆ ಅರ್ಧಕ್ಕೆ ತೆರಿಗೆ ಲೆಕ್ಕ ಹಾಕಿ, ಬಂದದ್ದನ್ನು ಎರಡರಿಂದ ಗುಣಿಸುತ್ತಾರೆ. ಒಬ್ಬರೇ ದುಡಿಯುವ ಮನೆಗೆ ಇದರಿಂದ ಹೆಚ್ಚು ಉಳಿತಾಯ. ಆದರೆ ಮನೆಯಲ್ಲಿದ್ದ ಹೆಂಡತಿ ಕೆಲಸಕ್ಕೆ ಹೊರಟಳೆಂದರೆ ಅವಳ ಸಂಬಳದ ಮೇಲೆ ಮೊದಲಿನಿಂದಲೇ ಗಂಡನ ಮೇಲ್ಮಟ್ಟದ ದರದಲ್ಲಿ ತೆರಿಗೆ ಬೀಳುತ್ತದೆ. ಗಂಡನ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಅವಳಿಗೆ ಉಚಿತವಾಗಿ ಸಿಗುತ್ತಿದ್ದ ರಕ್ಷಣೆಯೂ ಆದಾಯ ಒಂದು ಮಿತಿ ದಾಟಿದರೆ ತಪ್ಪುತ್ತದೆ. ತಿಂಗಳಿಗೆ ಕೆಲವೇ ನೂರು ಯೂರೋ ಸಂಬಳದ ‘ಮಿನಿಜಾಬ್’ಗೆ ತೆರಿಗೆ ಇಲ್ಲ. ಹೀಗಾಗಿ ಎಷ್ಟೋ ಹೆಂಗಸರು ಆ ಮಿತಿಯೊಳಗೇ ನಿಂತುಬಿಡುತ್ತಾರೆ. ಜಪಾನಿನಲ್ಲೂ ಇಂಥದೇ ಒಂದು ಗೋಡೆ ಇದೆ. ಗಂಡನ ಅವಲಂಬಿತೆಯಾಗಿ ಸಾಮಾಜಿಕ ವಿಮೆ ಪಡೆಯುವ ಹೆಂಡತಿಯ ವಾರ್ಷಿಕ ಆದಾಯ 13 ಲಕ್ಷ ಯೆನ್ ಮುಟ್ಟಿದರೆ ಅವಳು ತನ್ನ ವಿಮೆಯ ಕಂತನ್ನು ತಾನೇ ಕಟ್ಟಬೇಕು. ವರ್ಷದ ಕೊನೆಯ ತಿಂಗಳುಗಳಲ್ಲಿ ಮಿತಿ ಮೀರದಂತೆ ಪಾಳಿ ಕಡಿಮೆ ಮಾಡಿಕೊಳ್ಳುವುದು ಅಲ್ಲಿನ ಅಂಗಡಿ, ಹೋಟೆಲುಗಳಲ್ಲಿ ಮಾಮೂಲಿ.

ಎರಡನೆಯದು ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆ. ಹೆರಿಗೆ ರಜೆಯ ಜಾಗದಲ್ಲಿ ತಂದೆ ತಾಯಿ ಇಬ್ಬರೂ ಹಂಚಿಕೊಳ್ಳಬಹುದಾದ ರಜೆಯನ್ನು ಜಗತ್ತಿನಲ್ಲೇ ಮೊದಲು ತಂದದ್ದು ಸ್ವೀಡನ್, 1974ರಲ್ಲಿ. ಈಗ ಅದು ಒಂದು ಮಗುವಿಗೆ 480 ದಿನ. 2002ರಲ್ಲಿ ಶಿಶುವಿಹಾರದ ಶುಲ್ಕಕ್ಕೆ ಮಿತಿ ಹಾಕಿದರು. ಮೊದಲ ಮಗುವಿಗೆ ಮನೆಯ ಆದಾಯದ ಸುಮಾರು ನೂರಕ್ಕೆ 3ರಷ್ಟು ಕಟ್ಟಿದರೆ ಮುಗಿಯಿತು. ಇಂಥ ಕಡೆ ‘ನನ್ನ ಸಂಬಳವೆಲ್ಲ ಮಗು ನೋಡಿಕೊಳ್ಳುವವರಿಗೇ ಹೋದರೆ ಕೆಲಸಕ್ಕೆ ಹೋಗಿ ಏನು ಪ್ರಯೋಜನ’ ಎಂದು ತಾಯಿ ಕೂತು ಲೆಕ್ಕ ಹಾಕಬೇಕಾಗಿಲ್ಲ.

ಮೂರನೆಯದು ಶಾಲೆಯ ಸಮಯ. ಪಶ್ಚಿಮ ಜರ್ಮನಿಯಲ್ಲಿ ಬಹುಕಾಲ ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದುಬಿಡುತ್ತಿದ್ದರು. ಬಾಗಿಲು ತೆಗೆಯಲು, ಬಡಿಸಲು ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಪೂರ್ವ ಜರ್ಮನಿಯಲ್ಲಿ ಕಮ್ಯುನಿಸ್ಟ್ ಆಡಳಿತ ಊರೂರಿಗೆ ಶಿಶುವಿಹಾರ ಕಟ್ಟಿತ್ತು, ಬಹುಪಾಲು ಹೆಂಗಸರು ಕೆಲಸದಲ್ಲಿದ್ದರು. 1990ರಲ್ಲಿ ಎರಡೂ ಒಂದಾಗಿ ಮೂರು ದಶಕ ಕಳೆದ ಮೇಲೂ ಆ ಗುರುತು ಅಳಿದಿಲ್ಲ. ಮೂರು ವರ್ಷದೊಳಗಿನ ಮಕ್ಕಳಲ್ಲಿ ಪೂರ್ವದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಗಲಿನ ಆರೈಕೆಗೆ ಹೋಗುತ್ತಾರೆ, ಪಶ್ಚಿಮದಲ್ಲಿ ಮೂರನೇ ಒಂದರಷ್ಟು. ವರ್ಷ ತುಂಬಿದ ಪ್ರತಿ ಮಗುವಿಗೂ ಇಂಥ ಜಾಗ ಕಾನೂನಿನ ಹಕ್ಕು ಎಂದಾದದ್ದು 2013ರ ಆಗಸ್ಟ್‌ನಲ್ಲಿ. ಆ ಮೇಲೆ ಪಶ್ಚಿಮವೂ ಮೆಲ್ಲಗೆ ಬದಲಾಗುತ್ತಿದೆ.

ಇದೆಲ್ಲ ಆಯಾ ದೇಶದ ಸಂಸ್ಕೃತಿ. ಕಾನೂನಿನಿಂದ ಬದಲಾಗುತ್ತದೆಯೇ?

ಸಂಸ್ಕೃತಿ ಇದೆ, ಅಲ್ಲಗಳೆಯುವಂತಿಲ್ಲ. ಆದರೆ ನಾವು ಸಂಸ್ಕೃತಿ ಎಂದು ಕರೆಯುವುದರ ದೊಡ್ಡ ಪಾಲು ಒಂದು ಕಾಲದಲ್ಲಿ ಲಿಖಿತ ಕಾನೂನೇ ಆಗಿತ್ತು. ನೆದರ್ಲೆಂಡ್ಸ್‌ನಲ್ಲಿ ಮದುವೆಯಾದ ಹೆಂಗಸನ್ನು ಕಾನೂನಿನ ಕಣ್ಣಲ್ಲಿ ಸ್ವತಂತ್ರವಾಗಿ ವ್ಯವಹರಿಸಲಾಗದವಳು ಎಂದೇ 1956ರವರೆಗೆ ಪರಿಗಣಿಸುತ್ತಿದ್ದರು. ಅಲ್ಲಿನ ಸರ್ಕಾರಿ ನೌಕರಿಯಲ್ಲಿ ಮದುವೆಯಾದ ಕೂಡಲೇ ಹೆಂಗಸರನ್ನು ಮನೆಗೆ ಕಳುಹಿಸುವ ಪದ್ಧತಿಯೂ ಇತ್ತು. ಐರ್ಲೆಂಡಿನ ಸರ್ಕಾರಿ ಸೇವೆಯಲ್ಲಿ ಇಂಥದೇ ನಿರ್ಬಂಧ 1973ರವರೆಗೆ ನಡೆಯಿತು. ಸ್ಪೇನ್‌ನಲ್ಲಿ ಹೆಂಡತಿ ಕೆಲಸಕ್ಕೆ ಸೇರಲು ಗಂಡನ ಒಪ್ಪಿಗೆ ಬೇಕೆಂಬ ನಿಯಮ ತೆಗೆದುಹಾಕಿದ್ದು 1975ರಲ್ಲಿ. ಪಶ್ಚಿಮ ಜರ್ಮನಿಯ ನಾಗರಿಕ ಸಂಹಿತೆ 1977ರವರೆಗೂ, ಸಂಸಾರದ ಕರ್ತವ್ಯಗಳಿಗೆ ಅಡ್ಡಿಯಾಗದಿದ್ದರೆ ಮಾತ್ರ ಹೆಂಡತಿ ಹೊರಗೆ ದುಡಿಯಬಹುದು ಎನ್ನುತ್ತಿತ್ತು.

ಇಷ್ಟು ಕಟ್ಟುಪಾಡಿದ್ದ ನಾಡುಗಳಲ್ಲಿ ಒಂದೇ ತಲೆಮಾರಿನಲ್ಲಿ ಏನಾಯಿತು ನೋಡಿ. 1980ರ ದಶಕದ ಮೊದಲಲ್ಲಿ ನೂರು ಡಚ್ ಹೆಂಗಸರಲ್ಲಿ ಕೆಲಸದಲ್ಲಿದ್ದವರು 35ರ ಸುಮಾರು. ಈಗ 79ರ ಸುಮಾರು. ದಾರಿ ತೆರೆದದ್ದರಲ್ಲಿ 1982ರ ವಾಸೆನಾರ್ ಒಪ್ಪಂದದ ಪಾಲು ದೊಡ್ಡದು. ದೇಶ ಭಾರೀ ನಿರುದ್ಯೋಗದಲ್ಲಿ ಸಿಕ್ಕಿದ್ದಾಗ, ಮುಂದೆ ಪ್ರಧಾನಿಯಾದ ಕಾರ್ಮಿಕ ನಾಯಕ ವಿಮ್ ಕೋಕ್ ಮತ್ತು ಮಾಲೀಕರ ಒಕ್ಕೂಟದ ಮುಖ್ಯಸ್ಥರು ಕೂತು, ಸಂಬಳ ಏರಿಕೆಯ ಬೇಡಿಕೆ ಸಡಿಲಿಸಿ ಕೆಲಸದ ಅವಧಿ ಕಡಿಮೆ ಮಾಡುವ ಮಾತಿಗೆ ಒಪ್ಪಿದರು. ಅರೆಕಾಲಿಕ ಕೆಲಸ ಬೆಳೆಯಿತು. ಮುಂದೆ 1996ರಲ್ಲಿ ಅರೆಕಾಲಿಕರಿಗೂ ಪೂರ್ಣಾವಧಿಯವರಿಗೂ ಸಮಾನ ಹಕ್ಕು ಬಂತು. 2000ದಲ್ಲಿ ಕೆಲಸದ ಗಂಟೆಗಳನ್ನು ಕಡಿಮೆ ಅಥವಾ ಹೆಚ್ಚು ಮಾಡಿ ಎಂದು ಕೇಳುವ ಹಕ್ಕೂ ಬಂತು. ಬಲವಾದ ಕಾರಣವಿಲ್ಲದೆ ಮಾಲೀಕರು ಇಲ್ಲವೆನ್ನುವಂತಿಲ್ಲ. ಹೀಗೆ ಅರೆಕಾಲಿಕ ಕೆಲಸಕ್ಕೂ ಗೌರವ, ಪಿಂಚಣಿ, ಕಾಯಂ ಪತ್ರ ಸಿಕ್ಕವು. ಬೇರೆ ಎಷ್ಟೋ ಕಡೆ ಅರೆಕಾಲಿಕ ಎಂದರೆ ಇವತ್ತಿಗೂ ಕಡಿಮೆ ಸಂಬಳದ, ನಾಳೆಯ ಭರವಸೆ ಇಲ್ಲದ ಕೆಲಸ.

ಡಚ್ ಮಾದರಿಗೂ ಒಂದು ಬೆಲೆ ಇದೆ. ಅಲ್ಲಿ ಕೆಲಸದಲ್ಲಿರುವ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರೆಕಾಲಿಕರು. ಬಡ್ತಿ, ಪಿಂಚಣಿ ಎರಡರಲ್ಲೂ ಗಂಡಸರಿಗಿಂತ ಹಿಂದೆ ಉಳಿಯುತ್ತಾರೆ.

ಅಮೆರಿಕ ಒಂದು ಕಾಲದಲ್ಲಿ ಮುಂದಿತ್ತಲ್ಲ, ಹಿಂದೆ ಬಿದ್ದದ್ದು ಹೇಗೆ?

1990ರಲ್ಲಿ 25ರಿಂದ 54ರ ಹೆಂಗಸರ ದುಡಿಮೆಯ ವಿಷಯದಲ್ಲಿ ಅಮೆರಿಕ 22 ಮುಂದುವರಿದ ದೇಶಗಳ ಪೈಕಿ 6ನೆಯ ಸ್ಥಾನದಲ್ಲಿತ್ತು. 2010ರ ಹೊತ್ತಿಗೆ 17ಕ್ಕೆ ಇಳಿಯಿತು. ಅರ್ಥಶಾಸ್ತ್ರಜ್ಞರಾದ ಫ್ರಾನ್ಸಿನ್ ಬ್ಲಾವ್ ಮತ್ತು ಲಾರೆನ್ಸ್ ಕಾನ್ ಈ ಹಿನ್ನಡೆಯನ್ನು ಅಳೆದರು. ಅದರಲ್ಲಿ ಸುಮಾರು ನೂರಕ್ಕೆ 29 ಭಾಗಕ್ಕೆ ಬೇರೆ ದೇಶಗಳು ರಜೆ, ಶಿಶುಪಾಲನೆ, ಅರೆಕಾಲಿಕ ಹಕ್ಕುಗಳನ್ನು ವಿಸ್ತರಿಸಿದ್ದೇ ಕಾರಣ ಎಂದು ಕಂಡುಕೊಂಡರು. ಅಮೆರಿಕದ ಕೇಂದ್ರ ಕಾನೂನು 1993ರಲ್ಲಿ ಕೊಟ್ಟದ್ದು 12 ವಾರಗಳ ರಜೆ, ಅದೂ ಸಂಬಳವಿಲ್ಲದೆ. ಅದು ಇಂದಿಗೂ ಹಾಗೆಯೇ ಇದೆ. ಅದೇ ಅಧ್ಯಯನ ಇನ್ನೊಂದು ಮುಖವನ್ನೂ ತೋರಿಸಿತು: ಅಮೆರಿಕದಲ್ಲಿ ಕೆಲಸದಲ್ಲಿರುವ ಹೆಂಗಸರು ಪೂರ್ಣಾವಧಿ ಕೆಲಸದಲ್ಲಿ, ವ್ಯವಸ್ಥಾಪಕಿಯಾಗಿ ಇರುವ ಸಾಧ್ಯತೆ ಯುರೋಪಿಗಿಂತ ಹೆಚ್ಚು.

ಗಂಡಸರ ಕಥೆ ಇನ್ನೂ ಹಳೆಯದು, ಇನ್ನೂ ನೋವಿನದು. 1950ರ ದಶಕದಲ್ಲಿ 25ರಿಂದ 54ರ ನೂರು ಅಮೆರಿಕನ್ ಗಂಡಸರಲ್ಲಿ 97 ಮಂದಿ ಕೆಲಸದಲ್ಲಿದ್ದರು ಅಥವಾ ಹುಡುಕುತ್ತಿದ್ದರು. ಈಗ 89ರ ಸುಮಾರು. ಕಾರ್ಖಾನೆ ಮುಚ್ಚಿದ ಊರುಗಳು, ನೋವು ನಿವಾರಕ ಮಾದಕಗಳ ಚಟ, ಜೈಲಿಗೆ ಹೋಗಿ ಬಂದವರಿಗೆ ಕೆಲಸ ಕೊಡಲು ಹಿಂಜರಿಕೆ ಎಲ್ಲವೂ ಸೇರಿವೆ. ಕೆಲಸ ಕಳೆದುಕೊಂಡವರಿಗೆ ಹೊಸ ತರಬೇತಿ ಕೊಟ್ಟು ಮತ್ತೆ ಕೆಲಸಕ್ಕೆ ಹಚ್ಚಲು ಡೆನ್ಮಾರ್ಕ್ ತನ್ನ ಜಿಡಿಪಿಯ ಸುಮಾರು ನೂರಕ್ಕೆ 2 ಭಾಗ ಖರ್ಚು ಮಾಡುತ್ತಾ ಬಂದಿದೆ. ಅಮೆರಿಕದ ಖರ್ಚು ನೂರಕ್ಕೆ 0.1ರ ಆಸುಪಾಸು.

ತೆರಿಗೆ ಹೆಚ್ಚಿದ್ದರೆ ಜನ ದುಡಿಯುವುದನ್ನು ಬಿಡುವುದಿಲ್ಲವೇ?

1970ರ ಸುಮಾರಿಗೆ ಫ್ರೆಂಚರೂ ಜರ್ಮನ್ನರೂ ಅಮೆರಿಕನ್ನರಷ್ಟೇ ಗಂಟೆ ದುಡಿಯುತ್ತಿದ್ದರು. ಆಮೇಲೆ ಯುರೋಪಿನ ಗಂಟೆಗಳು ಇಳಿದವು. 2004ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಎಡ್ವರ್ಡ್ ಪ್ರೆಸ್ಕಾಟ್ ಇದಕ್ಕೆಲ್ಲ ತೆರಿಗೆಯೇ ಕಾರಣ ಎಂದರು. ಕಾರ್ಮಿಕ ಸಂಘಗಳು ಗಳಿಸಿಕೊಟ್ಟ ರಜೆ ಮತ್ತು ನಿಯಮಗಳೇ ಹೆಚ್ಚು ಮುಖ್ಯ ಎಂದು ಬೇರೆಯವರು ವಾದಿಸಿದರು.

ತೆರಿಗೆಯೊಂದೇ ಕಾರಣವಾಗಿದ್ದರೆ ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಉದ್ಯೋಗ ದರ ಪಾತಾಳ ಸೇರಬೇಕಿತ್ತು. ಅಲ್ಲಿ ಜಿಡಿಪಿಯ ನೂರಕ್ಕೆ 40ಕ್ಕಿಂತ ಹೆಚ್ಚು ತೆರಿಗೆಯಾಗಿ ಸರ್ಕಾರಕ್ಕೆ ಹೋಗುತ್ತದೆ. ಅಮೆರಿಕದಲ್ಲಿ 25ರಿಂದ 28. ಆದರೂ ಆ ಎರಡೂ ದೇಶಗಳ ಉದ್ಯೋಗ ದರ ಅಮೆರಿಕಕ್ಕಿಂತ ಮೇಲಿದೆ. ತೆರಿಗೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ ಉತ್ತರವಿದೆ. ಅದು ಶಿಶುವಿಹಾರ, ವೃದ್ಧರ ಆರೈಕೆ, ಸಾರಿಗೆಗಳಾಗಿ ಹಿಂದಿರುಗಿದರೆ, ಕೆಲಸಕ್ಕೆ ಹೋಗುವುದನ್ನು ಅಗ್ಗ ಮಾಡುತ್ತದೆ. ದುಡಿಯದೆ ಮನೆಯಲ್ಲಿರುವವರಿಗೇ ಹೆಚ್ಚು ಲಾಭ ಸಿಗುವಂತೆ ಹಂಚಿದರೆ ಫಲ ಉಲ್ಟಾ. ಅದೇ ಶಿಶುವಿಹಾರ, ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದನ್ನೂ ಗಮನಿಸಿ. ಒಂದೇ ಖರ್ಚು ಎರಡು ಸಲ ಉದ್ಯೋಗ ಹುಟ್ಟಿಸುತ್ತದೆ.

ವಯಸ್ಸಾದವರು ಬೇಗ ಜಾಗ ಬಿಟ್ಟರೆ ಯುವಕರಿಗೆ ಕೆಲಸ ಸಿಗುವುದಿಲ್ಲವೇ?

1980ರ ದಶಕದಲ್ಲಿ ಯುರೋಪಿನ ಹಲವು ಸರ್ಕಾರಗಳು ಹೀಗೇ ನಂಬಿದ್ದವು. ಫ್ರಾನ್ಸಿನಲ್ಲಿ ಅಧ್ಯಕ್ಷ ಮಿತರಾಂ ಅವರ ಸರ್ಕಾರ ಪೂರ್ಣ ಪಿಂಚಣಿಯ ವಯಸ್ಸನ್ನು 65ರಿಂದ 60ಕ್ಕೆ ಇಳಿಸಿತು. ಹಳಬರು ಹೊರಟರು, ಆದರೆ ಯುವಕರ ನಿರುದ್ಯೋಗ ಕರಗಲಿಲ್ಲ. ದೇಶದಲ್ಲಿ ಇಷ್ಟೇ ಕೆಲಸ ಎಂದು ಎಣಿಸಿಟ್ಟ ರಾಶಿ ಎಲ್ಲೂ ಇರುವುದಿಲ್ಲ. ದುಡಿಯುವವರು ಖರ್ಚು ಮಾಡುತ್ತಾರೆ, ಆ ಖರ್ಚು ಬೇರೆಯವರಿಗೆ ಕೆಲಸವಾಗುತ್ತದೆ. ಹಿರಿಯರೂ ಕಿರಿಯರೂ ಒಟ್ಟಿಗೇ ಹೆಚ್ಚು ದುಡಿಯುವ ದೇಶಗಳಾಗಿ ನೆದರ್ಲೆಂಡ್ಸ್, ಡೆನ್ಮಾರ್ಕ್, ಸ್ವಿಟ್ಜರ್ಲೆಂಡ್, ಐಸ್‌ಲ್ಯಾಂಡ್ ಕಣ್ಣ ಮುಂದಿವೆ.

ನಿವೃತ್ತಿ ವಯಸ್ಸಿನ ಕಾನೂನು ಉದ್ಯೋಗ ದರವನ್ನು ನೇರವಾಗಿ ಬದಲಿಸುತ್ತದೆ. ಜರ್ಮನಿ ಅದನ್ನು ಹಂತ ಹಂತವಾಗಿ 2031ರ ವೇಳೆಗೆ 67ಕ್ಕೆ ಏರಿಸುತ್ತಿದೆ. ನೆದರ್ಲೆಂಡ್ಸ್ 2024ರಲ್ಲೇ 67 ಮುಟ್ಟಿತು. ಕೆಲಸಗಾರರು ಬಯಸಿದರೆ 65ರವರೆಗೆ ಕಂಪನಿಗಳು ಉಳಿಸಿಕೊಳ್ಳಲೇಬೇಕು ಎಂದು ಜಪಾನ್ ಕಾನೂನು ಮಾಡಿತು. 70ರವರೆಗೆ ಅವಕಾಶ ಕೊಡಲು ಪ್ರಯತ್ನಿಸಿ ಎಂದು 2021ರಿಂದ ಹೇಳುತ್ತಿದೆ. ಫ್ರಾನ್ಸ್ 2010ರಲ್ಲಿ 60ರಿಂದ 62ಕ್ಕೆ ಏರಿಸಿತು. 2023ರಲ್ಲಿ 64ಕ್ಕೆ ಏರಿಸುವ ಕಾನೂನು ತಂದಾಗ ಲಕ್ಷಾಂತರ ಜನ ಬೀದಿಗಿಳಿದರು. ಅವರ ಸಿಟ್ಟಿಗೂ ಅರ್ಥವಿದೆ. ಮೇಜಿನ ಕೆಲಸದವರಿಗೆ 64 ಸಲೀಸು. ಇಟ್ಟಿಗೆ ಹೊತ್ತವರಿಗೆ, ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸಿದವರಿಗೆ 60ರ ಹೊತ್ತಿಗೇ ಬೆನ್ನು ಸೋತಿರುತ್ತದೆ.

ಜರ್ಮನಿ, ಸ್ವಿಟ್ಜರ್ಲೆಂಡ್‌ನ ಯುವಜನರಿಗೆ ಬೇಗ ಕೆಲಸ ಸಿಗುತ್ತದೆ, ಸ್ಪೇನ್, ಗ್ರೀಸ್‌ನವರಿಗೆ ಇಲ್ಲ. ಏಕೆ?

ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ಗಳಲ್ಲಿ ಹದಿನಾರರ ಸುಮಾರಿನ ಹುಡುಗ ಹುಡುಗಿಯರು ವಾರದಲ್ಲಿ ಕೆಲವು ದಿನ ಕಂಪನಿಯಲ್ಲಿ, ಉಳಿದ ದಿನ ಶಾಲೆಯಲ್ಲಿ ಕಲಿಯುವ ವ್ಯವಸ್ಥೆ ಗಟ್ಟಿಯಾಗಿ ಬೇರೂರಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಮೂವರಲ್ಲಿ ಇಬ್ಬರು ಈ ಹಾದಿ ಹಿಡಿಯುತ್ತಾರೆ. ಕಲಿಯುವಾಗಲೇ ಸಂಬಳ ಬರುತ್ತದೆ, ಕಲಿಕೆ ಮುಗಿದಾಗ ಕೆಲಸ ಕೊಡುವವರ ಪರಿಚಯವೂ ಆಗಿರುತ್ತದೆ.

ದಕ್ಷಿಣ ಯುರೋಪಿನಲ್ಲಿ ಓದು ಮತ್ತು ಕೆಲಸದ ನಡುವೆ ಇಂಥ ಸೇತುವೆ ಕಡಿಮೆ. 2013ರ ಹೊತ್ತಿಗೆ ಗ್ರೀಸ್‌ನ ನಿರುದ್ಯೋಗ ದರ 27ಕ್ಕೂ ಸ್ಪೇನ್‌ನದು 26ಕ್ಕೂ ಏರಿತ್ತು. ಯುವಜನರಲ್ಲಿ ಎರಡೂ ಕಡೆ 55ನ್ನು ಮೀರಿತ್ತು. ಆ ವರ್ಷಗಳಲ್ಲಿ ದೇಶ ಬಿಟ್ಟು ಹೋದ ಪದವೀಧರರಲ್ಲಿ ಹಲವರು ಮರಳಲೇ ಇಲ್ಲ.

ಕೆಲಸದಿಂದ ತೆಗೆಯುವುದು ಕಷ್ಟವಾದರೆ ಕೆಲಸ ಕೊಡುವುದೂ ಕಡಿಮೆಯಾಗುತ್ತದೆಯೇ?

1994ರಲ್ಲಿ ಒಇಸಿಡಿ ಬಹುಮಟ್ಟಿಗೆ ಹೌದು ಎಂದಿತ್ತು. ನೌಕರಿಯ ರಕ್ಷಣೆ ಸಡಿಲಿಸಿ, ನಿರುದ್ಯೋಗ ಭತ್ಯೆ ಕಡಿಮೆ ಮಾಡಿ ಎಂಬುದು ಅಂದಿನ ಸಲಹೆ. 2006ರ ಹೊತ್ತಿಗೆ, ಒಳ್ಳೆಯ ಉದ್ಯೋಗ ದರಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ ಎಂದು ಆ ಸಂಸ್ಥೆಯೇ ಒಪ್ಪಿಕೊಂಡಿತು. ಡೆನ್ಮಾರ್ಕ್‌ನಲ್ಲಿ ಕೆಲಸದಿಂದ ತೆಗೆಯುವುದು ಸುಲಭ. ಆದರೆ ಎರಡು ವರ್ಷದವರೆಗೆ ಭತ್ಯೆಯೂ, ಜೊತೆಗೆ ತರಬೇತಿಯೂ ಸಿಗುತ್ತವೆ.

ನಿಜವಾದ ಹಾನಿ ಕಂಡದ್ದು ಅರ್ಧ ಬಿಗಿ, ಅರ್ಧ ಸಡಿಲ ಇದ್ದ ಕಡೆ. ಸ್ಪೇನ್‌ನಲ್ಲಿ ಕಾಯಂ ನೌಕರರಿಗೆ ಭದ್ರವಾದ ರಕ್ಷಣೆ ಇತ್ತು, ಹೊಸಬರಿಗೆ ಬರೀ ತಾತ್ಕಾಲಿಕ ಕರಾರು. ನಾಲ್ವರಲ್ಲಿ ಒಬ್ಬರು ತಾತ್ಕಾಲಿಕರು. ಆರ್ಥಿಕ ಮಂದಗತಿ ಬಂದ ಕೂಡಲೇ ಮೊದಲು ಹೊರಬಿದ್ದವರು ಅವರೇ, ಅಂದರೆ ಯುವಜನರು. 2021ರ ಕೊನೆಯಲ್ಲಿ ಸರ್ಕಾರ, ಕಾರ್ಮಿಕ ಸಂಘ, ಮಾಲೀಕರು ಮೂವರೂ ಸೇರಿ ಒಪ್ಪಿದ ಸುಧಾರಣೆ ತಾತ್ಕಾಲಿಕ ಕರಾರಿಗೆ ಕಡಿವಾಣ ಹಾಕಿತು. ಅಂಥವರ ಪಾಲು ನೂರಕ್ಕೆ 17ರ ಸುಮಾರಿಗೆ ಇಳಿಯಿತು, ಒಟ್ಟು ಉದ್ಯೋಗವೂ ಏರುತ್ತಲೇ ಇದೆ.

ಜರ್ಮನಿ ‘ಯುರೋಪಿನ ರೋಗಿ’ಯಿಂದ ಮೇಲೆದ್ದು ಬಂದದ್ದು ಹೇಗೆ?

2005ರ ಮೊದಲಲ್ಲಿ ಜರ್ಮನಿಯಲ್ಲಿ 50 ಲಕ್ಷ ನಿರುದ್ಯೋಗಿಗಳಿದ್ದರು. ಚಾನ್ಸಲರ್ ಶ್ರೋಡರ್ 2003ರಿಂದ ತಂದ ‘ಹಾರ್ಟ್ಸ್’ ಸುಧಾರಣೆಗಳು ದೀರ್ಘಕಾಲದ ಭತ್ಯೆಯನ್ನು ಮೊಟಕುಗೊಳಿಸಿದವು, ಉದ್ಯೋಗ ಕಚೇರಿಗಳನ್ನು ಹೊಸದಾಗಿ ಕಟ್ಟಿದವು. ಎಲ್ಲ ಶ್ರೇಯಸ್ಸನ್ನು ಅವಕ್ಕೇ ಕೊಡುವವರಿದ್ದಾರೆ. 1990ರ ದಶಕದಲ್ಲೇ ಸಂಘಗಳು ಕಾರ್ಖಾನೆಯ ಮಟ್ಟದಲ್ಲಿ ಸಂಬಳದ ವಿಷಯದಲ್ಲಿ ಹೊಂದಾಣಿಕೆ ಮಾಡಿಕೊಳ್ಳಲು ಶುರುಮಾಡಿದ್ದೇ ಮೂಲ ಎನ್ನುವವರೂ ಇದ್ದಾರೆ. ನನಗೆ ಎರಡನೆಯ ವಾದಕ್ಕೆ ಹೆಚ್ಚು ಬಲ ಇದೆ ಅನ್ನಿಸುತ್ತದೆ. ರಫ್ತು ಉದ್ಯಮಗಳ ಚೇತರಿಕೆ ಸುಧಾರಣೆಗಿಂತ ಮೊದಲೇ ಶುರುವಾಗಿತ್ತು.

ಜರ್ಮನಿಯಿಂದ ಕಲಿಯುವಂಥದ್ದು ಇನ್ನೊಂದಿದೆ. ಬೇಡಿಕೆ ಕುಸಿದಾಗ ಕಾರ್ಮಿಕರನ್ನು ತೆಗೆಯದೆ ಎಲ್ಲರ ಗಂಟೆಗಳನ್ನು ಕಡಿತ ಮಾಡುತ್ತಾರೆ, ಕಳೆದುಹೋದ ಸಂಬಳದ ದೊಡ್ಡ ಪಾಲನ್ನು ಉದ್ಯೋಗ ವಿಮಾ ನಿಧಿ ಭರಿಸುತ್ತದೆ. ‘ಕುರ್ಟ್ಸ್‌ಆರ್ಬೈಟ್’ ಎಂದು ಇದರ ಹೆಸರು. 2009ರಲ್ಲಿ ಜಿಡಿಪಿ ನೂರಕ್ಕೆ 5ಕ್ಕಿಂತ ಹೆಚ್ಚು ಕುಸಿದರೂ ನಿರುದ್ಯೋಗ ಹೆಚ್ಚೇನೂ ಏರಲಿಲ್ಲ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಈ ವ್ಯವಸ್ಥೆಯಡಿ ಇದ್ದರು. ಅದೇ ತಿಂಗಳು ಅಮೆರಿಕದ ನಿರುದ್ಯೋಗ ದರ 14 ದಾಟಿತ್ತು.

ಕನಿಷ್ಠ ವೇತನ ಹೆಚ್ಚಿಸಿದರೆ ಉದ್ಯೋಗ ದರ ಇಳಿಯುತ್ತದೆಯೇ?

ಮಿತವಾದ ಏರಿಕೆಯಿಂದ ಹಾಗಾದದ್ದು ಕಂಡಿಲ್ಲ. ಜರ್ಮನಿ 2015ರ ಜನವರಿಯಲ್ಲಿ ಗಂಟೆಗೆ 8.50 ಯೂರೋ ಕನಿಷ್ಠ ವೇತನವನ್ನು ದೇಶವಿಡೀ ತಂದಾಗ ಲಕ್ಷಾಂತರ ಕೆಲಸ ಹೋಗುತ್ತದೆಂಬ ಭಯವಿತ್ತು. ಮಿನಿಜಾಬ್‌ಗಳು ಕಡಿಮೆಯಾದವು, ಒಟ್ಟು ಉದ್ಯೋಗ ಬೆಳೆಯುತ್ತಲೇ ಹೋಯಿತು.

ಉದ್ಯೋಗ ದರ ಹೆಚ್ಚಿದ್ದಷ್ಟೂ ದೇಶ ಚೆನ್ನಾಗಿದೆ ಎಂದೇ ಅರ್ಥವೇ?

ಹಾಗೆಂದು ಹೇಳಲಾಗದು. ಒಂದು ಗಂಟೆಯ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ನೆದರ್ಲೆಂಡ್ಸ್‌ನ ಉದ್ಯೋಗಿ ವರ್ಷಕ್ಕೆ ಸರಾಸರಿ ಸುಮಾರು 1,430 ಗಂಟೆ ದುಡಿಯುತ್ತಾರೆ, ಅಮೆರಿಕದವರು ಸುಮಾರು 1,800. ಅಂದಾಜು ಲೆಕ್ಕ ಹಾಕಿ. ದುಡಿಯುವ ವಯಸ್ಸಿನ ನೂರು ಡಚ್ಚರಲ್ಲಿ 82 ಮಂದಿ ಕೆಲಸದಲ್ಲಿದ್ದರೆ ಒಟ್ಟು ಸುಮಾರು 1,17,000 ಗಂಟೆ. ನೂರು ಅಮೆರಿಕನ್ನರಲ್ಲಿ 72 ಮಂದಿಯಿಂದ ಸುಮಾರು 1,30,000 ಗಂಟೆ. ಉದ್ಯೋಗ ದರದಲ್ಲಿ ಹಿಂದಿರುವ ದೇಶವೇ ಒಟ್ಟು ದುಡಿಮೆಯಲ್ಲಿ ಮುಂದಿದೆ. ಡಚ್ಚರು ದುಡಿಮೆಯನ್ನು ಹೆಚ್ಚು ಜನರ ನಡುವೆ ಹಂಚಿಕೊಂಡಿದ್ದಾರೆ. ನನಗೆ ಇದು ಮೆಚ್ಚುಗೆಯ ಸಂಗತಿ.

ದಕ್ಷಿಣ ಕೊರಿಯಾದಲ್ಲಿ ಮೆಚ್ಚಲಾಗದ ರೂಪವಿದೆ. 65 ದಾಟಿದವರಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನ ಅಲ್ಲಿ ಇನ್ನೂ ದುಡಿಯುತ್ತಿದ್ದಾರೆ. ರಾಷ್ಟ್ರೀಯ ಪಿಂಚಣಿ ಯೋಜನೆ ಶುರುವಾದದ್ದೇ 1988ರಲ್ಲಿ. ತುಂಬ ಹಿರಿಯರಿಗೆ ಅದರಿಂದ ಸಿಗುವುದು ಅಲ್ಪ. ಆ ವಯಸ್ಸಿನ ಹತ್ತರಲ್ಲಿ ನಾಲ್ವರು ಬಡತನದಲ್ಲಿದ್ದಾರೆ. ರಟ್ಟಿನ ಡಬ್ಬ ಆಯ್ದು ಮಾರುವ ಅಜ್ಜಿಯರೂ ಅಲ್ಲಿ ಉದ್ಯೋಗ ದರವನ್ನು ಮೇಲೆತ್ತುತ್ತಾರೆ.

ಈ ಅಂಕಿಗಳನ್ನು ಎಷ್ಟು ನಂಬಬಹುದು?

ಬಹುಮಟ್ಟಿಗೆ ನಂಬಬಹುದು, ಆದರೆ ಎಲ್ಲವೂ ಮನೆ ಮನೆ ಸಮೀಕ್ಷೆಯ ಮೇಲೆ ನಿಂತಿವೆ. ಬ್ರಿಟನ್ನಿನಲ್ಲಿ ಉತ್ತರ ಕೊಡುವವರು ತೀರಾ ಕಡಿಮೆಯಾಗಿ 2023ರ ಅಕ್ಟೋಬರ್‌ನಲ್ಲಿ ಅಂಕಿಗಳ ಪ್ರಕಟಣೆಯನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಕೋವಿಡ್ ನಂತರ ಅಲ್ಲಿ ದೀರ್ಘ ಕಾಯಿಲೆಯಿಂದ ದುಡಿಯಲಾಗದವರ ಸಂಖ್ಯೆ ಸುಮಾರು 28 ಲಕ್ಷಕ್ಕೆ ಏರಿತು. ಇಂಥ ಹೊತ್ತಿನಲ್ಲೇ ಅಳತೆಗೋಲು ಕೈಕೊಟ್ಟದ್ದು ದುರದೃಷ್ಟ. ಅಮೆರಿಕದ ಸಮೀಕ್ಷೆ ಜೈಲಿನಲ್ಲಿರುವವರನ್ನು ಎಣಿಸುವುದೇ ಇಲ್ಲ. ಸುಮಾರು 18 ಲಕ್ಷ ಜನ ಬಂಧನದಲ್ಲಿರುವ ದೇಶದಲ್ಲಿ, ಅದರಲ್ಲೂ ಕಪ್ಪು ಗಂಡಸರ ದರದಲ್ಲಿ, ಇದು ಚಿಕ್ಕ ಲೋಪವಲ್ಲ.

ಭಾರತದ ಅಥವಾ ಕರ್ನಾಟಕದ ದರವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬಹುದೇ?

ನೇರವಾಗಿ ಬೇಡ. ನಮ್ಮ ಕೇಂದ್ರ ಸರ್ಕಾರ ನಡೆಸುವ ಕಾರ್ಮಿಕ ಸಮೀಕ್ಷೆ ಪಿಎಲ್‌ಎಫ್‌ಎಸ್‌ನ ಸಾಮಾನ್ಯ ಅಂಕಿ 15 ದಾಟಿದ ಎಲ್ಲರನ್ನೂ ಸೇರಿಸುತ್ತದೆ, 64ರ ಮೇಲ್ಮಿತಿ ಇಲ್ಲ. ಮನೆಯ ಹೊಲದಲ್ಲಿ, ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರೂ ಅದರಲ್ಲಿ ಉದ್ಯೋಗಿಗಳೇ. ದೇಶದ ಹೆಂಗಸರಲ್ಲಿ ದುಡಿಮೆಯಲ್ಲಿರುವ ಅಥವಾ ಕೆಲಸ ಹುಡುಕುವವರ ಪಾಲು 2017-18ರಲ್ಲಿ ನೂರಕ್ಕೆ 23.3 ಇದ್ದದ್ದು 2023-24ರಲ್ಲಿ 41.7 ಆಯಿತು. ಈ ಏರಿಕೆಯ ದೊಡ್ಡ ಭಾಗ ಹಳ್ಳಿಯ ಸ್ವಂತ ದುಡಿಮೆ ಮತ್ತು ಸಂಬಳವಿಲ್ಲದ ನೆರವಿನದು. ಸ್ವೀಡನ್‌ನ ತಾಯಿ ಸಂಬಳದ ಚೀಟಿ ಹಿಡಿದು ಹೊರಗೆ ದುಡಿಯುವುದಕ್ಕೂ ಇದಕ್ಕೂ ಒಂದೇ ಹೆಸರು ಇದ್ದರೂ ಬದುಕು ಬೇರೆ.

ಗಂಡನಿಗೆ ಹೊರದೇಶದಲ್ಲಿ ಕೆಲಸ ಸಿಕ್ಕಿದೆ. ನಾನು ಅಲ್ಲಿ ದುಡಿಯಲು ಅವಕಾಶವಿದೆಯೇ?

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಹೊರಟವರ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಜರ್ಮನಿಯಲ್ಲಿ ಬ್ಲೂ ಕಾರ್ಡ್, ಅಂದರೆ ಉನ್ನತ ಕೌಶಲದವರಿಗೆ ಕೊಡುವ ಕೆಲಸದ ಪರವಾನಗಿ ಪಡೆದವರ ಸಂಗಾತಿಗೆ ಯಾವ ಕೆಲಸವನ್ನಾದರೂ ಮಾಡುವ ಹಕ್ಕಿದೆ. ನೆದರ್ಲೆಂಡ್ಸ್‌ನಲ್ಲಿ ಉನ್ನತ ಕೌಶಲದ ವಲಸಿಗರ ಸಂಗಾತಿಗೂ ಹಾಗೆಯೇ. ಅಮೆರಿಕದಲ್ಲಿ ಎಚ್-1ಬಿ ನೌಕರರ ಸಂಗಾತಿ ಎಚ್-4 ವೀಸಾದಲ್ಲಿ ಹೋದರೆ ದುಡಿಯುವಂತಿಲ್ಲ. 2015ರ ಮೇ ತಿಂಗಳಿಂದ ಇದಕ್ಕೆ ಒಂದು ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಹಾದಿಯಲ್ಲಿ ನೌಕರರ ಪರವಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿದ್ದರೆ ಸಂಗಾತಿ ಕೆಲಸದ ಅನುಮತಿಗೆ ಅರ್ಜಿ ಹಾಕಬಹುದು. ಅದಕ್ಕೆ ಮೊದಲು ಎಂಜಿನಿಯರಿಂಗ್, ಎಂಬಿಬಿಎಸ್ ಓದಿದವರೂ ವರ್ಷಗಟ್ಟಲೆ ಮನೆಯಲ್ಲೇ ಉಳಿಯಬೇಕಾಗುತ್ತದೆ. ಸಮೀಕ್ಷೆಯವರು ಬಂದರೆ, ಕೆಲಸ ಹುಡುಕುತ್ತಿಲ್ಲವಾದ್ದರಿಂದ ಅವರು ನಿರುದ್ಯೋಗಿಗಳ ಸಾಲಿಗೂ ಸೇರುವುದಿಲ್ಲ. ಹೊರಡುವ ಮುನ್ನ, ಆಫರ್ ಪತ್ರಕ್ಕೆ ಸಹಿ ಹಾಕುವ ಹಂತದಲ್ಲೇ, ಸಂಗಾತಿಯ ಕೆಲಸದ ಹಕ್ಕಿನ ಬಗ್ಗೆ ಲಿಖಿತವಾಗಿ ಕೇಳಿಕೊಳ್ಳಿ.